ಹಬ್ಬ ಮುಗೀತು, ಗೊಂಬೆ ಎತ್ತಿಡೋಣ

ಬನಶಂಕರಿಯಲ್ಲಿ ನಮ್ಮದೊಂದು ಸಂಜೆ ಕಲಿಕಾ ಕೇಂದ್ರ ಇದೆ. ಕೆಲಸ ಮುಗಿಸಿಕೊಂಡು ಹತ್ತಾರು ಹೆಂಗಸರು ಅಲ್ಲಿಗೆ ಬರುತ್ತಾರೆ. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಯ ಮನೆಗಳಲ್ಲಿ ಕೆಲಸ ಮಾಡುವವರು ಇದ್ದಾರೆ. ಹೂ ಕಟ್ಟಿ ಮಾರುವವರೂ ಇದ್ದಾರೆ. ನಾನು ಹಗಲು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಸಂಜೆ ಇವರ ಜೊತೆ ಕೂರುತ್ತೇನೆ.

ಹೋದ ದಸರಾಕ್ಕೆ ಇನ್ನೂ ಒಂದು ವಾರ ಇತ್ತು. ಅವತ್ತು ಒಬ್ಬ ಅಕ್ಕ ಪುಸ್ತಕವನ್ನೇ ತೆಗೆಯಲಿಲ್ಲ. ಮೂಲೆಯಲ್ಲಿ ಸುಮ್ಮನೆ ಕೂತಿದ್ದರು.

"ಯಾಕಕ್ಕಾ, ಹುಷಾರಿಲ್ವಾ?" ಎಂದು ಕೇಳಿದೆ.

"ಹುಷಾರಾಗೇ ಇದೀನಿ ಟೀಚರ್. ಇವತ್ತು ಅಮ್ಮಾವ್ರು ಗೊಂಬೆ ಪೆಟ್ಟಿಗೆ ತೆಗೆಸಿದ್ರು. ಗೊಂಬೆಗೆಲ್ಲ ಬೂಷ್ಟು ಬಂದ್ಬಿಟ್ಟಿದೆ. ದಶರಥನ ಮುಖದ ಬಣ್ಣ ಎದ್ದು ಬಂದಿದೆ. 'ಕಟ್ಟಿಟ್ಟೋಳು ನೀನೇ ಅಲ್ವಾ?' ಅಂದ್ರು. ಹನ್ನೆರಡು ವರ್ಷದಿಂದ ಆ ಮನೇಲಿ ಕೆಲಸ ಮಾಡ್ತಿದೀನಿ. ಒಂದು ಮಾತು ಅನ್ನಿಸಿಕೊಂಡಿರಲಿಲ್ಲ."

"ಹೇಗೆ ಕಟ್ಟಿಟ್ಟಿದ್ರಿ?"

"ಒದ್ದೆ ಬಟ್ಟೇಲಿ ಒಂದೊಂದೂ ಚೆನ್ನಾಗಿ ಒರೆಸ್ದೆ. ಧೂಳು ಬೀಳ್ಬಾರ್ದು ಅಂತ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬಿಗಿಯಾಗಿ ಗಂಟು ಹಾಕ್ದೆ. ನಂದೇನು ತಪ್ಪು, ನೀವೇ ಹೇಳಿ."

ಆ ಅಕ್ಕ ಸೋಮಾರಿತನ ಮಾಡಿರಲಿಲ್ಲ. ಶ್ರದ್ಧೆಯಿಂದಲೇ ಕೆಲಸ ಮಾಡಿದ್ದರು. ಆದರೆ ಒರೆಸಿದ ನೀರು ಗೊಂಬೆಯಲ್ಲೇ ಉಳಿಯಿತು. ಗಂಟು ಹಾಕಿದ ಕವರು ಆ ನೀರನ್ನು ಹೊರಗೆ ಬಿಡಲಿಲ್ಲ. ಅದೇ ಕಾರಣ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಸಂಜೆ ನಾವು ಗೊಂಬೆಯ ಪಾಠ ಮಾಡಿದೆವು. ಅದನ್ನೇ ಇಲ್ಲಿ ಬರೆದಿದ್ದೇನೆ.

ಗೊಂಬೆ ಅಂದರೆ ಬರೀ ಆಟದ ಸಾಮಾನಲ್ಲ

ನವರಾತ್ರಿಯಲ್ಲಿ ಗೊಂಬೆ ಕೂರಿಸುವುದು ನಮ್ಮ ಹಳೇ ಮೈಸೂರು ಸೀಮೆಯ ಪದ್ಧತಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಹಬ್ಬ ಶುರು ಮಾಡಿದರು. ಅರಮನೆಯಲ್ಲಿ ದರ್ಬಾರು ನಡೆದರೆ, ಮನೆಮನೆಯಲ್ಲಿ ಗೊಂಬೆಗಳ ದರ್ಬಾರು. ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಜೋಡಿಸುತ್ತಾರೆ. ಅದರ ಮೇಲೆ ಬಿಳಿ ಬಟ್ಟೆ ಹಾಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ. ಇವೇ ಪಟ್ಟದ ಗೊಂಬೆ. ಕೆಳಗೆ ದಶಾವತಾರ, ಮದುವೆ ದಿಬ್ಬಣ, ಅಂಗಡಿ ಇಟ್ಟುಕೊಂಡ ಶೆಟ್ಟಿ ಶೆಟ್ಟಮ್ಮ.

ಎಷ್ಟೋ ಮನೆಗಳಲ್ಲಿ ಮಗಳ ಮದುವೆಗೆ ತವರಿನವರು ಪಟ್ಟದ ಗೊಂಬೆ ಕೊಡುತ್ತಾರೆ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಗೊಂಬೆ ಬರುತ್ತದೆ. ಹೊಸ ಗೊಂಬೆ ಗಾಂಧಿ ಬಜಾರಿನಲ್ಲಿ ಸಿಗುತ್ತದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲೂ ಸಿಗುತ್ತದೆ. ಆದರೆ ಅಜ್ಜಿ ಕೈ ಮುಟ್ಟಿದ ಗೊಂಬೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಚೆನ್ನಾಗಿ ಇಟ್ಟುಕೊಂಡರೆ ಗೊಂಬೆ ಬಹಳ ವರ್ಷ ಬಾಳುತ್ತದೆ. ಮೈಸೂರು ಅರಮನೆಯಲ್ಲಿ ಗೊಂಬೆ ತೊಟ್ಟಿ ಎಂಬ ಜಾಗ ಇದೆ. ನೂರು ವರ್ಷ ದಾಟಿದ ಗೊಂಬೆಗಳನ್ನು ಅಲ್ಲಿ ಇಂದಿಗೂ ನೋಡಬಹುದು.

ತೇವ ಎಲ್ಲಿಂದ ಬರುತ್ತದೆ?

"ಚಳಿಗೆ ಗೊಂಬೆ ಹಾಳಾಗುತ್ತೆ" ಅಂತ ಕೆಲವರು ಹೇಳುತ್ತಾರೆ. ಬರೀ ಚಳಿಯಿಂದ ಗೊಂಬೆಗೆ ಅಷ್ಟು ತೊಂದರೆ ಇಲ್ಲ. ಚಳಿಯ ಜೊತೆಗೆ ಬರುವ ತೇವ ಗೊಂಬೆಯನ್ನು ಹಾಳು ಮಾಡುತ್ತದೆ.

ಒಂದು ಸ್ಟೀಲ್ ಲೋಟಕ್ಕೆ ಫ್ರಿಜ್ಜಿನ ತಣ್ಣೀರು ಹಾಕಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಲೋಟದ ಹೊರಗೆ ಹನಿ ಹನಿ ನೀರು ಕೂತಿರುತ್ತದೆ. ಲೋಟ ಸೋರಿಲ್ಲ. ಹಾಗಾದರೆ ಆ ನೀರು ಎಲ್ಲಿಂದ ಬಂತು? ಗಾಳಿಯಿಂದ. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಿನ ಆವಿ ಇರುತ್ತದೆ. ತಣ್ಣಗಿರುವ ವಸ್ತು ತಗುಲಿದಾಗ ಆ ಆವಿ ನೀರಾಗುತ್ತದೆ.

ನಮ್ಮ ಮನೆಯ ಗೋಡೆ, ನೆಲ, ತಗಡಿನ ಟ್ರಂಕು ಕೂಡ ಚಳಿಗಾಲದ ರಾತ್ರಿಯಲ್ಲಿ ಹೀಗೇ ತಣ್ಣಗಾಗುತ್ತವೆ. ಗಾಳಿಯಲ್ಲಿ ಆವಿ ಹೆಚ್ಚಿದ್ದರೆ ಅವೂ ಲೋಟದ ಹಾಗೆ ಬೆವರುತ್ತವೆ.

ಬೆಂಗಳೂರಿನ ಮಳೆಯ ಲೆಕ್ಕ ನೋಡಿ. ಇಲ್ಲಿ ವರ್ಷಕ್ಕೆ ಸುಮಾರು 1000 ಮಿಲಿಮೀಟರ್ ಮಳೆ ಬೀಳುತ್ತದೆ. ಬಿದ್ದ ನೀರೆಲ್ಲ ಹರಿಯದೆ ನಿಂತರೆ ಮೂರು ಅಡಿಗೂ ಮೇಲಾಗುತ್ತದೆ. ಹೆಚ್ಚು ಮಳೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ. ದಸರಾ ಬರುವುದೂ ಆಗಲೇ! ಅಂದರೆ ಗಾಳಿಯಲ್ಲಿ ತೇವ ತುಂಬಿರುವಾಗಲೇ ನಾವು ಗೊಂಬೆ ಕಟ್ಟಿಡುತ್ತೇವೆ. ಕೆಲವು ವರ್ಷ ಮಳೆ ಮಿತಿ ಮೀರುತ್ತದೆ. 2017ರಲ್ಲಿ ಹಾಗಾಯಿತು. 2022ರಲ್ಲಿ ಆ ದಾಖಲೆಯೂ ಮುರಿಯಿತು.

ಮಳೆ ಹಿಂದೆ ಸರಿಯುತ್ತಲೇ ಚಳಿ ಬರುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಬಿಸಿ ಸುಮಾರು 16 ಡಿಗ್ರಿಗೆ ಇಳಿಯುತ್ತದೆ. ಬೆಳಗ್ಗೆ ಮಂಜು ಕವಿಯುತ್ತದೆ. 1884ರ ಜನವರಿ 13ರಂದು ಬೆಂಗಳೂರಿನಲ್ಲಿ 7.8 ಡಿಗ್ರಿ ಚಳಿ ಇತ್ತು. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ ಅದೇ.

ಗಾಳಿಯ ತೇವವನ್ನು ನೂರಕ್ಕೆ ಇಷ್ಟು ಎಂದು ಅಳೆಯುತ್ತಾರೆ. ನೂರಕ್ಕೆ 70ಕ್ಕೂ ಹೆಚ್ಚು ತೇವ ಬಹಳ ದಿನ ನಿಂತರೆ ಬೂಷ್ಟು ಬೆಳೆಯುತ್ತದೆ. ಬೂಷ್ಟಿನ ಬೀಜದಂಥ ಕಣಗಳು ಎಲ್ಲ ಕಡೆ ಗಾಳಿಯಲ್ಲಿ ಇರುತ್ತವೆ. ಅವಕ್ಕೆ ಎರಡೇ ಬೇಕು, ನೀರು ಮತ್ತು ಆಹಾರ. ಗೊಂಬೆಯ ಅಂಟು, ಕಾಗದ, ಬಟ್ಟೆಯ ಗಂಜಿ, ಮೇಲೆ ಕೂತ ಧೂಳು, ಇವೆಲ್ಲ ಅದಕ್ಕೆ ಆಹಾರ.

ಕವರು ಕಟ್ಟಿದರೆ ಏಕೆ ಕೆಡುತ್ತದೆ?

ಬಿಸಿ ಚಪಾತಿಯನ್ನು ಡಬ್ಬಿಗೆ ಹಾಕಿ ಮುಚ್ಚಿ. ಮುಚ್ಚಳದಲ್ಲಿ ನೀರು ಕಟ್ಟುತ್ತದೆ. ಆ ನೀರು ಚಪಾತಿಯದೇ. ಹೊರಗೆ ಹೋಗಲು ದಾರಿ ಇಲ್ಲದೆ ಅಲ್ಲೇ ನಿಂತಿತು. ಗೊಂಬೆಯನ್ನು ಕವರಲ್ಲಿ ಕಟ್ಟಿದರೂ ಹಾಗೇ ಆಗುತ್ತದೆ.

ನಾನು ಇಷ್ಟು ಹೇಳಿದ ಮೇಲೆ ಒಬ್ಬ ಅಜ್ಜಿ ನಕ್ಕುಬಿಟ್ಟರು.

"ಇದೇನು ದೊಡ್ಡ ವಿಷ್ಯ ಬಿಡವ್ವ. ಹಪ್ಪಳ ಸಂಡಿಗೆ ಒಣಗದೆ ಡಬ್ಬಕ್ಕೆ ತುಂಬ್ತೀವಾ? ತುಂಬಿದ್ರೆ ಬೂಷ್ಟು ಹಿಡಿಯಲ್ವಾ?"

ಅಜ್ಜಿ ಹೇಳಿದ್ದು ನಿಜ. ಮೊದಲು ಒಣಗಬೇಕು, ಆಮೇಲೆ ಮುಚ್ಚಬೇಕು. ನಮಗೆ ಗೊತ್ತಿರುವ ವಿಷಯವೇ. ಅದನ್ನು ಗೊಂಬೆಗೂ ಅನ್ವಯಿಸಬೇಕು, ಅಷ್ಟೇ.

ಯಾವ ಗೊಂಬೆಗೆ ಯಾವ ಭಯ?

*ಮಣ್ಣಿನ ಗೊಂಬೆ:* ಸುಟ್ಟ ಮಣ್ಣು ಕೂಡ ನೀರು ಹೀರುತ್ತದೆ. ಮಡಕೆ ಬೆವರುವುದನ್ನು ನೋಡಿದ್ದೀರಲ್ಲ? ಒಳಗಿನ ತೇವ ಹೊರಗೆ ಬರುವಾಗ ಬಣ್ಣವನ್ನು ಪದರ ಪದರವಾಗಿ ಎಬ್ಬಿಸುತ್ತದೆ. ಸುಡದ ಹಸಿ ಮಣ್ಣಿನ ಗೊಂಬೆಯಾದರೆ ನೀರಿಗೆ ಕರಗಿಯೇ ಹೋಗುತ್ತದೆ. ಕೆಲವು ಗೊಂಬೆಗಳ ಕೈಕಾಲಿನ ಒಳಗೆ ಕಬ್ಬಿಣದ ತಂತಿ ಇರುತ್ತದೆ. ತಂತಿ ತುಕ್ಕು ಹಿಡಿದರೆ ಉಬ್ಬುತ್ತದೆ. ಆಗ ಕೈ ಬಿರುಕು ಬಿಡುತ್ತದೆ.

*ಕಾಗದದ ಗೊಂಬೆ:* ಕಾಗದ ನೆನೆಸಿ, ಅರೆದು, ಅಂಟು ಬೆರೆಸಿ ಮಾಡಿದ್ದು. ಕೈಗೆ ಹಗುರ. ತೇವ ತಗುಲಿದರೆ ಮೆತ್ತಗಾಗಿ ಆಕಾರ ಕೆಡುತ್ತದೆ. ಇಲಿ, ಜಿರಲೆಗೂ ಇದು ಇಷ್ಟ.

*ಮರದ ಗೊಂಬೆ:* ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನಿಧಾನವಾಗಿ ಆದರೆ ತೊಂದರೆ ಕಡಿಮೆ. ಬೇಗ ಬೇಗ ಆದರೆ ಸೀಳುತ್ತದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಆಲೆ ಮರದಿಂದ ಗೊಂಬೆ ಮಾಡುತ್ತಾರೆ. ಅದಕ್ಕೆ ಬಣ್ಣದ ಅರಗು ಹಚ್ಚಿ ಹೊಳಪು ಕೊಡುತ್ತಾರೆ. ಅರಗು ಬಿಸಿಗೆ ಮೆತ್ತಗಾಗುತ್ತದೆ. ಬಹಳ ದಿನ ತೇವ ಇದ್ದರೆ ಬಿಳಿಚಿಕೊಳ್ಳುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿಗೆ ಹುಣಸೆ ಬೀಜದ ಅಂಟು ಬಳಸುತ್ತಾರೆ. ಆ ಅಂಟು ಬೂಷ್ಟಿಗೂ ಹುಳಕ್ಕೂ ಒಳ್ಳೆಯ ಊಟ.

*ಬಟ್ಟೆ ತೊಡಿಸಿದ ಗೊಂಬೆ:* ಜರಿ ಕಪ್ಪಾಗುತ್ತದೆ. ರೇಷ್ಮೆಯ ಬಣ್ಣ ಪಕ್ಕದ ಗೊಂಬೆಗೆ ಹತ್ತುತ್ತದೆ. ಸಾಧ್ಯವಾದರೆ ಬಟ್ಟೆ, ಒಡವೆ ಬಿಚ್ಚಿ ಬೇರೆ ಇಡಿ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ನಮ್ಮ ಅಮ್ಮನಿಗೆ ತವರಿನಿಂದ ಬಂದ ಪಟ್ಟದ ಗೊಂಬೆ ಇತ್ತು. ರಕ್ತಚಂದನದ್ದು. ಒಂದು ವರ್ಷ ಪೆಟ್ಟಿಗೆ ತೆಗೆದಾಗ ರಾಣಿ ಗೊಂಬೆ ತೇವವಾಗಿತ್ತು. ನಾನು ಜಾಣತನ ಮಾಡಿದೆ. ಮಧ್ಯಾಹ್ನದ ಬಿಸಿಲಿಗೆ ತಾರಸಿಯ ಮೇಲೆ ಇಟ್ಟುಬಂದೆ. ಸಂಜೆ ಹೋಗಿ ನೋಡಿದರೆ ಹಣೆಯಿಂದ ಎದೆಯವರೆಗೆ ಸೀಳು ಬಿಟ್ಟಿತ್ತು. ಅಮ್ಮ ಬೈಯಲಿಲ್ಲ. ಗೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಟೀಚರ್ ಟ್ರೈನಿಂಗ್ ಮುಗಿಸಿದ್ದ ನನಗೇ ಅದು ಗೊತ್ತಿರಲಿಲ್ಲ. ಆದ್ದರಿಂದ ಆ ಅಕ್ಕನಿಗೆ "ನಿಮ್ಮ ತಪ್ಪು" ಎನ್ನಲು ನನ್ನ ಬಾಯಿ ಬರಲಿಲ್ಲ.

ಎತ್ತಿಡುವ ಕ್ರಮ

1. ಆತುರ ಬೇಡ. ಕೆಲವು ಮನೆಗಳಲ್ಲಿ ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನು ಮಲಗಿಸುತ್ತಾರೆ. ಅಲ್ಲಿಗೆ ಶಾಸ್ತ್ರ ಮುಗಿಯಿತು. ಮಾರನೇ ದಿನ ಮಳೆ ಹಿಡಿದಿದ್ದರೆ ಕಟ್ಟಬೇಡಿ. ಎರಡು ದಿನ ಕಾಯಿರಿ.

2. ನೀರು ಮುಟ್ಟಿಸಬೇಡಿ. ಬಣ್ಣ ಹಚ್ಚುವ ಮೆತ್ತನೆಯ ಬ್ರಷ್ಷಿನಿಂದ ಒಣ ಧೂಳು ತೆಗೆಯಿರಿ. ಅರಿಶಿನ, ಕುಂಕುಮ, ಹೂವಿನ ಎಸಳು ಉಳಿಯದಂತೆ ನೋಡಿ. ಬಣ್ಣ ಏಳುತ್ತಿದ್ದರೆ ಆ ಜಾಗಕ್ಕೆ ಬ್ರಷ್ಷೂ ಬೇಡ.

3. ನೆರಳಲ್ಲಿ ಒಣಗಿಸಿ. ಬಿಸಿಲು ಬೇಡ, ಒಲೆಯ ಪಕ್ಕವೂ ಬೇಡ. ಕೋಣೆಯಲ್ಲಿ ಹಾಸಿದ ಬಟ್ಟೆಯ ಮೇಲೆ ಬಿಡಿ ಬಿಡಿಯಾಗಿ ಇಡಿ. ಫ್ಯಾನು ಸಣ್ಣಗೆ ತಿರುಗಲಿ. ಎರಡು ದಿನ ಹಾಗೇ ಬಿಡಿ. ಪೆಟ್ಟಿಗೆಯನ್ನೂ ತೆರೆದು ಒಣಗಿಸಿ.

4. ಹತ್ತಿಯ ಬಟ್ಟೆಯಲ್ಲಿ ಸುತ್ತಿ. ಹಳೇ ಪಂಚೆ, ಹಳೇ ವಾಯಿಲ್ ಸೀರೆ ಸಾಕು. ಬಣ್ಣ ಬಿಡದ ಬಟ್ಟೆ ಇರಲಿ. ಒಗೆದು, ಗಂಜಿ ಹಾಕದೆ, ಚೆನ್ನಾಗಿ ಒಣಗಿಸಿರಬೇಕು. ಗಂಜಿಯ ಆಸೆಗೆ ಹುಳ ಬರುತ್ತದೆ. ಪೇಪರನ್ನು ಗೊಂಬೆಗೆ ನೇರ ಸುತ್ತಬೇಡಿ. ಅಚ್ಚಿನ ಮಸಿ ಹತ್ತುತ್ತದೆ. ಬಟ್ಟೆಯ ಮೇಲೆ ಪೇಪರ್ ಸುತ್ತಬಹುದು.

5. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಮೂಗು, ಕೈ, ಕಿರೀಟ ಚಾಚಿಕೊಂಡಿರುವ ಕಡೆ ಬಟ್ಟೆಯ ಮೆತ್ತೆ ಕೊಡಿ. ಒತ್ತಿ ತುರುಕಬೇಡಿ.

6. ಪೆಟ್ಟಿಗೆ ನೋಡಿ ಆರಿಸಿ. ಮರದ ಪೆಟ್ಟಿಗೆ ಒಳ್ಳೆಯದು, ಗೆದ್ದಲು ಇಲ್ಲದಿದ್ದರೆ. ತಗಡಿನ ಟ್ರಂಕಿಗೆ ಇಲಿ ಬರುವುದಿಲ್ಲ, ಆದರೆ ಚಳಿಗೆ ಅದು ಬೆವರುತ್ತದೆ. ಒಳಗೆ ಸುತ್ತಲೂ ದಪ್ಪ ಬಟ್ಟೆ ಹಾಸಿ. ರಟ್ಟಿನ ಡಬ್ಬ ಹಗುರ, ಅಗ್ಗ. ಆದರೆ ನೆಲದ ತೇವ ಹೀರುತ್ತದೆ. ಅದನ್ನು ನೆಲದ ಮೇಲೆ ಇಡಲೇಬಾರದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬವಾದರೆ ಗೊಂಬೆ, ಬಟ್ಟೆ ಎರಡೂ ಪೂರ್ತಿ ಒಣಗಿರಬೇಕು.

7. ಹುಳಕ್ಕೆ ಮದ್ದು. ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು, ಬಜೆ ಬೇರು, ಲವಂಗ, ಇವನ್ನು ಸಣ್ಣ ಬಟ್ಟೆಯ ಗಂಟಿನಲ್ಲಿ ಕಟ್ಟಿ ಇಡುವುದು ನಮ್ಮ ಹಿರಿಯರ ರೂಢಿ. ಹಸಿ ಬೇವು ಹಾಕಬೇಡಿ. ಅದರಲ್ಲೇ ನೀರಿರುತ್ತದೆ. ಇವು ಹುಳವನ್ನು ಸ್ವಲ್ಪ ದೂರ ಇಡುತ್ತವೆ, ತೇವವನ್ನು ತೆಗೆಯುವುದಿಲ್ಲ. ನುಸಿಗುಳಿಗೆ ವಿಷ. ಮಕ್ಕಳು ಪೆಪ್ಪರಮಿಂಟು ಅಂತ ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ಪ್ಲಾಸ್ಟಿಕ್ ಗೊಂಬೆಗೆ ಅದು ತಗುಲಿದರೆ ಪ್ಲಾಸ್ಟಿಕ್ಕೂ ಕೆಡಬಹುದು.

8. ತೇವ ಹೀರಲು ಅಕ್ಕಿ, ಉಪ್ಪು ಹಾಕಬೇಡಿ. ಅಕ್ಕಿಗೆ ಹುಳ ಬರುತ್ತದೆ. ಉಪ್ಪು ನೀರು ಬಿಡುತ್ತದೆ. ಇದಕ್ಕೆಂದೇ ಸಿಲಿಕಾ ಜೆಲ್ ಎಂಬ ಹರಳಿನ ಪೊಟ್ಟಣ ಸಿಗುತ್ತದೆ. ಹೊಸ ಚಪ್ಪಲಿಯ ಡಬ್ಬದಲ್ಲಿ ನೀವು ಅದನ್ನು ನೋಡಿರಬಹುದು. ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಹಳೇ ಪೊಟ್ಟಣ ಆಗಲೇ ತೇವ ಕುಡಿದು ತುಂಬಿರುತ್ತದೆ, ಪ್ರಯೋಜನ ಇಲ್ಲ. ಇದನ್ನೂ ಮಕ್ಕಳ ಕೈಗೆ ಕೊಡಬೇಡಿ.

ಎಲ್ಲಿ ಇಡಬೇಕು?

ಬಚ್ಚಲು ಮನೆಯ ಗೋಡೆಗೆ ತಾಗಿಸಿ ಇಡಬೇಡಿ. ಮೇಲೆ ನೀರಿನ ಟ್ಯಾಂಕು ಇರುವ ಅಟ್ಟ ಬೇಡ. ಶೀಟಿನ ಮನೆಯಾದರೆ ಶೀಟಿಗೆ ಹತ್ತಿರ ಇಡಬೇಡಿ. ಹಗಲು ಕಾದು, ರಾತ್ರಿ ತಣ್ಣಗಾಗಿ, ಶೀಟು ನೀರು ತೊಟ್ಟಿಕ್ಕುತ್ತದೆ.

ಒಳಗಿನ ಗೋಡೆಯ ಕಡೆ ಇಡಿ. ಗೋಡೆಗೂ ಪೆಟ್ಟಿಗೆಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಗಾಳಿ ಆಡಲಿ. ನೆಲದಲ್ಲಿ ಇಡಲೇಬೇಕಾದರೆ ಎರಡು ಇಟ್ಟಿಗೆ, ಮೇಲೆ ಒಂದು ಹಲಗೆ ಹಾಕಿ. ತಗ್ಗಿನ ರಸ್ತೆಯ ಮನೆಯವರು ಇನ್ನೂ ಎತ್ತರಕ್ಕೆ ಇಡಬೇಕು. ಜೋರು ಮಳೆಯಲ್ಲಿ ಮನೆಯೊಳಗೇ ನೀರು ನುಗ್ಗಿದ್ದನ್ನು ನಮ್ಮಲ್ಲಿ ಎಷ್ಟೋ ಜನ ಅನುಭವಿಸಿದ್ದಾರೆ.

ವರ್ಷಕ್ಕೆ ಎರಡು ಸಲ ನೋಡಿ

ಕಟ್ಟಿಟ್ಟು ಮರೆತರೆ ಮುಂದಿನ ದಸರಾದಲ್ಲಿ ಅಳಬೇಕಾಗುತ್ತದೆ. ನಡುವೆ ಎರಡು ಸಲ ಪೆಟ್ಟಿಗೆ ತೆರೆಯಿರಿ. ಮೊದಲನೆಯದು ಸಂಕ್ರಾಂತಿ ಕಳೆದ ಮೇಲೆ. ಜನವರಿ, ಫೆಬ್ರವರಿಯಲ್ಲಿ ಬೆಂಗಳೂರಿಗೆ ಮಳೆ ಬಹಳ ಕಡಿಮೆ. ಮಂಜು ಕರಗಿ, ಹೊತ್ತೇರಿದ ಮೇಲೆ, ಹನ್ನೊಂದು ಗಂಟೆ ಹೊತ್ತಿಗೆ ತೆರೆಯಿರಿ. ಎರಡನೆಯದು ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮುಂಚೆ, ಮಳೆ ಇಲ್ಲದ ದಿನ ನೋಡಿ.

ಮೊದಲು ಮೂಗಿನಿಂದ ನೋಡಿ! ಮುಗ್ಗಲು ವಾಸನೆ ಬಂದರೆ ತೇವ ಸೇರಿದೆ ಎಂದು ಅರ್ಥ. ಬಟ್ಟೆ ಮುಟ್ಟಿ ನೋಡಿ. ತಣ್ಣಗೆ, ಮೆತ್ತಗೆ ಇದ್ದರೆ ಬದಲಾಯಿಸಿ. ಮರದ ಗೊಂಬೆಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಹುಳ ಇದೆ. ಅದನ್ನು ಕೂಡಲೇ ಬೇರೆ ಇಟ್ಟು, ಬಲ್ಲ ಮರಗೆಲಸದವರಿಗೆ ತೋರಿಸಿ.

ಬೂಷ್ಟು ಬಂದುಬಿಟ್ಟಿದ್ದರೆ?

ಗಾಬರಿ ಬೇಡ. ಆ ಗೊಂಬೆಯನ್ನು ಬೇರೆ ಮಾಡಿ. ಬಯಲಿಗೆ ತನ್ನಿ. ನೆರಳಲ್ಲಿ ಕೆಲವು ದಿನ ಒಣಗಲು ಬಿಡಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಮೆಲ್ಲಗೆ ಉದುರಿಸಿ. ಒದ್ದೆ ಇರುವಾಗಲೇ ಒರೆಸಿದರೆ ಕಲೆ ಒಳಗೆ ಇಳಿಯುತ್ತದೆ. ಆಗ ಮೂಗು ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಳ್ಳಿ. ಉಬ್ಬಸ ಇರುವವರು ಈ ಕೆಲಸ ಮಾಡಬಾರದು. ಅಂಥವರಿಗೆ ಇದನ್ನು ಮಾಡಲು ಹೇಳಲೂಬಾರದು. ಸುತ್ತಿದ್ದ ಬಟ್ಟೆಯನ್ನು ಬಿಸಿ ನೀರಿನಲ್ಲಿ ಒಗೆಯಿರಿ. ಪೇಪರ್ ಎಸೆಯಿರಿ.

ಬ್ಲೀಚಿಂಗ್ ಪೌಡರ್, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಬಣ್ಣ ಹೋದ ಹಳೇ ಗೊಂಬೆಗೆ ಅವಸರದಲ್ಲಿ ಹೊಸ ಬಣ್ಣ ಬಳಿಯಲೂ ಬೇಡಿ.

ಚೀಟಿ ಬರೆಯಿರಿ

ಕೊನೆಯ ಕೆಲಸ ಅಕ್ಷರದ್ದು. ಪ್ರತಿ ಪೆಟ್ಟಿಗೆಗೂ ಒಂದು ಚೀಟಿ ಬರೆದು ಅಂಟಿಸಬೇಕು. ಒಳಗೆ ಏನಿದೆ ಅಂತ ಗೊತ್ತಿದ್ದರೆ ಎಲ್ಲ ಪೆಟ್ಟಿಗೆಯನ್ನೂ ಕೆದಕಬೇಕಿಲ್ಲ. ಕೆದಕುವಾಗಲೇ ಎಷ್ಟೋ ಗೊಂಬೆಗಳ ಮೂಗು ಮುರಿಯುತ್ತದೆ.

ಹೋದ ದಸರಾ ಮುಗಿದ ಮೇಲೆ ನಮ್ಮ ಅಕ್ಕ ಆ ಮನೆಯ ಅಮ್ಮನವರ ಹತ್ತಿರ ಹೋಗಿ ಹೇಳಿದರಂತೆ: "ಅಮ್ಮಾ, ಈ ಸಲ ನಾನು ಹೇಳ್ದಂಗೆ ಮಾಡೋಣ. ಎರಡು ದಿನ ಗೊಂಬೆ ಒಣಗ್ಲಿ." ಅಮ್ಮನವರು ಮೊದಲು ಅನುಮಾನ ಪಟ್ಟರಂತೆ. ಆಮೇಲೆ ತಾವೇ ಹಳೇ ಸೀರೆ ಹರಿದು ಕೊಟ್ಟರಂತೆ. ಇಬ್ಬರೂ ಕೂತು ಗೊಂಬೆ ಸುತ್ತಿದರು. ಚೀಟಿಯನ್ನು ಅಕ್ಕನೇ ಬರೆದರು. ಕೇಂದ್ರದಲ್ಲಿ ಮೂರು ಸಲ ಬರೆದು ಅಭ್ಯಾಸ ಮಾಡಿಕೊಂಡು ಹೋಗಿದ್ದರು. ಅದು ಹೀಗಿತ್ತು:

ಪೆಟ್ಟಿಗೆ 1
ಪಟ್ಟದ ಗೊಂಬೆ – 2
ದಶರಥ, ರಾಣಿಯರು – 4
ದಶಾವತಾರ – 10
ಮೇಲೆ ಭಾರ ಇಡಬಾರದು
ಸಂಕ್ರಾಂತಿ ಆದ ಮೇಲೆ ತೆಗೆದು ನೋಡುವುದು

ಸಂಕ್ರಾಂತಿ ಕಳೆದ ವಾರ ಅಕ್ಕ ಕೇಂದ್ರಕ್ಕೆ ಬಂದರು. ಕೈಯಲ್ಲಿ ಎಳ್ಳು ಬೆಲ್ಲದ ಪೊಟ್ಟಣ.

"ಟೀಚರ್, ಪೆಟ್ಟಿಗೆ ತೆಗೆದ್ವಿ. ಒಣಗಿದ ಬೇವಿನ ವಾಸನೆ ಬಿಟ್ರೆ ಬೇರೇನೂ ಇಲ್ಲ. ಬೂಷ್ಟು ಒಂದು ಚುಕ್ಕೀನೂ ಇಲ್ಲ. ದಶರಥನ ಮುಖದ ಬಣ್ಣ ಹೋಗಿದ್ದು ಹೋಯ್ತು. ಉಳಿದಿದ್ದು ಉಳೀತು."

ನಮ್ಮ ಅಮ್ಮನ ರಾಣಿ ಗೊಂಬೆಯೂ ಹಾಗೇ. ಸೀಳು ಕೂಡಿಕೊಳ್ಳಲಿಲ್ಲ. ಆದರೆ ಆಮೇಲೆ ದೊಡ್ಡದೂ ಆಗಿಲ್ಲ. ಪ್ರತಿ ದಸರಾದಲ್ಲೂ ಅದು ಮೇಲಿನ ಮೆಟ್ಟಿಲಲ್ಲೇ ಕೂರುತ್ತದೆ.

ನೆನಪಿಡಿ

• ಒದ್ದೆ ಬಟ್ಟೆಯಿಂದ ಒರೆಸಬೇಡಿ.
• ನೆರಳಲ್ಲಿ ಎರಡು ದಿನ ಒಣಗಿಸಿ, ಬಿಸಿಲಿಗೆ ಇಡಬೇಡಿ.
• ಹತ್ತಿ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಲ್ಲಿ ಗಂಟು ಕಟ್ಟಬೇಡಿ.
• ನೆಲದಿಂದ ಮೇಲೆ, ಗೋಡೆಯಿಂದ ದೂರ ಇಡಿ.
• ಸಂಕ್ರಾಂತಿ ಆದ ಮೇಲೆ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ತೆರೆದು ನೋಡಿ.

ಮಾತಾಡೋಣ, ಬರೆಯೋಣ

1. ತಣ್ಣೀರಿನ ಲೋಟದ ಹೊರಗೆ ಹನಿ ಏಕೆ ಕೂರುತ್ತದೆ?
2. ನಿಮ್ಮ ಮನೆಯಲ್ಲಿ ತೇವ ಹೆಚ್ಚು ಇರುವ ಜಾಗ ಯಾವುದು? ಅಲ್ಲಿ ಏನೇನು ಇಟ್ಟಿದ್ದೀರಿ?
3. ಗೊಂಬೆ ಇಲ್ಲದಿದ್ದರೂ ಮದುವೆ ಸೀರೆ, ಫೋಟೊ, ಮಕ್ಕಳ ಸರ್ಟಿಫಿಕೇಟು, ರೇಷನ್ ಕಾರ್ಡು ಎಲ್ಲರ ಮನೆಯಲ್ಲೂ ಇರುತ್ತವೆ. ಅವನ್ನು ತೇವದಿಂದ ಹೇಗೆ ಕಾಪಾಡುತ್ತೀರಿ?
4. ನಿಮ್ಮ ಮನೆಯ ಒಂದು ಪೆಟ್ಟಿಗೆಗೆ ಚೀಟಿ ಬರೆಯಿರಿ. ಕೆಳಗೆ ತಾರೀಖು ಹಾಕಿ. ನಿಮ್ಮ ಹೆಸರನ್ನೂ ಬರೆಯಿರಿ.